ಬಾವಿಯಲ್ಲಿ ಆರದ ಬ್ಯಾಟರಿ

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ, ಮೊದಲು ಕಿವಿ ತೋರಿಸಿಕೊಳ್ಳಿ ಎನ್ನುತ್ತಿದ್ದವನು ನಾನು. ವಿಮಾನ ಹಾರಿಸುವವನಿಗೆ ಮೀಟರು ತೋರಿಸಿದ್ದೇ ಸತ್ಯ, ಉಳಿದದ್ದೆಲ್ಲ ಹರಟೆ. ಈಗಲೂ ದೆವ್ವ ಗಿವ್ವ ನಂಬುವುದಿಲ್ಲ. ಆದರೆ ಆ ಒಂದು ಮಧ್ಯಾಹ್ನದ ಬಗ್ಗೆ ಕೇಳಬೇಡಿ.

ನಮ್ಮೂರು ಶಿರಗುಪ್ಪಿ. ನಾನು ದೂರದಲ್ಲಿ ಪೈಲಟ್ ತರಬೇತಿಯಲ್ಲಿದ್ದಾಗ, ನನ್ನಣ್ಣ ಕಬ್ಬಿನ ಹೊಲದ ಹಾಳುಬಾವಿಗೆ ಇಳಿದು ಸತ್ತ. ಹಳೇ ಬಾವಿಗೆ ಇಳಿಯುವ ಮೊದಲು ನಮ್ಮ ಕಡೆ ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಾರೆ. ಅದು ಆರಿದರೆ ಕೆಳಗೆ ಉಸಿರಾಡುವ ಗಾಳಿ ಇಲ್ಲ ಎಂದರ್ಥ. ಅಂದು ಮನೆಯಲ್ಲಿ ಸೀಮೆಎಣ್ಣೆ ಇರಲಿಲ್ಲ. ಅಣ್ಣ ಟಾರ್ಚು ಕಟ್ಟಿ ಬಿಟ್ಟ. ನಮ್ಮಲ್ಲಿ ಅದಕ್ಕೆ ಬ್ಯಾಟರಿ ಅನ್ನುತ್ತಾರೆ. ಬ್ಯಾಟರಿಗೆ ಗಾಳಿಯ ಹಂಗೇನು? ಅದು ಝಗ್ಗೆಂದು ಉರಿಯುತ್ತಲೇ ಇತ್ತು. ಇವನು ಧೈರ್ಯವಾಗಿ ಬಾವಿಯ ಪಾವಟಗಿ, ಅಂದರೆ ಮೆಟ್ಟಿಲು, ಇಳಿದ. ಮೇಲೆ ಹಗ್ಗ ಹಿಡಿದು ನಿಂತವರು ಅವನ ಹೆಂಡತಿ, ನಮ್ಮ ವೈನಿ. ನಾನು ಮಣ್ಣಿಗೆ ಬಂದಾಗ ಮುಖ ನೋಡಲಾಗದೆ ಅವನ ಉಗುರು ನೋಡುತ್ತ ನಿಂತಿದ್ದೆ. ನೀಲಿಗಟ್ಟಿದ್ದವು.

ಕೆಲವು ವರ್ಷಗಳ ನಂತರ ಒಂದು ಸಣ್ಣ ಬಾಡಿಗೆ ವಿಮಾನ ಹಾರಿಸುತ್ತಿದ್ದೆ. ಹಿಂದೆ ಪ್ರಯಾಣಿಕರಿದ್ದರು. ಬಹಳ ಎತ್ತರದಲ್ಲಿ, ಒಳಗಿನ ಗಾಳಿ ನಮಗೆ ಗೊತ್ತಾಗದ ಹಾಗೆ ಸೋರತೊಡಗಿತ್ತು. ಎಚ್ಚರಿಸಬೇಕಾದ ದೀಪ ಕೆಟ್ಟಿತ್ತು. ಆಮ್ಲಜನಕ ಕಡಿಮೆಯಾದರೆ ಉಸಿರು ಕಟ್ಟಿ ಒದ್ದಾಡುತ್ತಾರೆಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಮೊದಲು ಹೋಗುವುದು ಬುದ್ಧಿ, ಅದೂ ಖುಷಿಖುಷಿಯಾಗಿ. ನಾನು ಎತ್ತರವನ್ನು ತಪ್ಪುತಪ್ಪಾಗಿ ಹೇಳುತ್ತಿದ್ದೆ. ರೇಡಿಯೋದಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದರು. ನನಗೆ ನಗು. ಪಕ್ಕದ ಸಹಪೈಲಟ್ ಹುಡುಗಿಗೂ ನಗು.

ಆಗ ಕಿವಿಯಲ್ಲೇ ಅಣ್ಣನ ದನಿ: “ಬ್ಯಾಟರಿ ಉರಿಯಾಕತ್ತೈತಿ, ಬಾ. ಇಲ್ಲಿ ಭಾಳ ಆರಾಮ ಐತಿ.”

ಹೋಗಬೇಕೆನಿಸಿತು. ಆಮ್ಲಜನಕದ ಮಾಸ್ಕ್ ಕೈಗೆಟುಕುವಂತಿತ್ತು, ಯಾಕೆ ಬೇಕು ಎನಿಸಿತು. ಅಷ್ಟರಲ್ಲಿ ಆ ಹುಡುಗಿಯ ಉಗುರು ಕಣ್ಣಿಗೆ ಬಿತ್ತು. ಅದೇ ನೀಲಿ. ಹೇಗೋ ಮಾಸ್ಕ್ ಎಳೆದುಕೊಂಡೆ, ಅವಳಿಗೂ ಹಾಕಿದೆ, ವಿಮಾನವನ್ನು ಸರಸರ ಕೆಳಕ್ಕೆ ತಂದೆ. ಎಲ್ಲರೂ ಬದುಕಿದೆವು.

ಮೆದುಳಿಗೆ ಆಮ್ಲಜನಕ ಸಾಲದಿದ್ದರೆ ಏನೇನೋ ಕೇಳಿಸುತ್ತದೆ ಎಂದರು ಡಾಕ್ಟರು. ನಾನೂ ಒಪ್ಪಿದೆ. ಆದರೂ ಅಣ್ಣನ ಮೇಲೆ ಸಿಟ್ಟು ಹೋಗಲಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಮಾಸ್ಕ್ ಹಾಕೋ ಎನ್ನಬಾರದಿತ್ತೇ?

ಊರಿಗೆ ಹೋದಾಗ ವೈನಿಯ ಮುಂದೆ ಇದನ್ನೆಲ್ಲ ಹೇಳಿಬಿಟ್ಟೆ. ಚಹಾ ಸೋಸುತ್ತಿದ್ದ ಅವರ ಕೈ ನಿಂತಿತು.

“ಈ ಮಾತ ನಿಮಗ ಯಾರ ಹೇಳಿದ್ರು?” ಎಂದರು. “ಅವತ್ತ ಬಾವ್ಯಾಗಿಂದ ನಕ್ಕೋತ ನನಗ ಹಿಂಗ ಕರದ್ರು. ಇದ ಮಾತ. ನಾ ನಾಕ ಪಾವಟಗಿ ಇಳದಿದ್ದೆ. ತಲಿ ತಿರಗಿ ಮ್ಯಾಲ ಬಂದೆ. ಇವತ್ತಿನ ತನಕ ಯಾರ ಮುಂದೂ ಅಂದಿಲ್ಲ.”

ಅವನು ನಗುತ್ತ ಕರೆದದ್ದು ಯಾಕೆಂದು ನನಗೆ ಗೊತ್ತು. ಅವನಿಗೂ ನನಗಾದದ್ದೇ ಆಗಿತ್ತು. ಆದರೆ ನಾನಿಲ್ಲದಾಗ ಆಡಿದ ಮಾತು ಆಕಾಶದಲ್ಲಿ ನನ್ನ ಕಿವಿಗೆ ಹೇಗೆ ಬಂತು?

ವೈನಿ ಚಹಾ ಕೊಟ್ಟು ಸಣ್ಣ ದನಿಯಲ್ಲಿ ಕೇಳಿದರು, “ನೀವಂತೂ ಹೋಗಲಿಲ್ಲ. ಈಗ ನನ್ನ ಮತ್ತ ಕರೀತಾರೇನ್ರಿ?”

ಸಂಜೆಯೊಳಗೆ ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ, ಬೀಗ ಜಡಿದು, ಕೀಲಿಕೈ ನನ್ನ ಜೊತೆ ಒಯ್ದೆ.