ಮೊದಲ ತಿಂಗಳ ಕಟಿಂಗ್

ಮೂವತ್ತೈದು ವರ್ಷದಿಂದ ಚೀನಾದ ಜಿನಾನ್ ಊರಿನ ಹಳೇ ಬೀದಿಯಲ್ಲಿ ಕಟಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹೊಸ ವರ್ಷದ ಮೊದಲ ತಿಂಗಳು ತಲೆಗೆ ಕತ್ತರಿ ತಾಗಿಸಿಕೊಂಡವನ ಸೋದರಮಾವ ಸಾಯುತ್ತಾನೆ ಅಂತ ಊರೆಲ್ಲ ನಂಬುತ್ತದೆ. ಆ ತಿಂಗಳು ನಾನು ನೊಣ ಹೊಡೆಯುತ್ತ ಕೂರುತ್ತೇನೆ. "ಎಲ್ಲ ಬರೀ ಬೊಗಳೆ ಕಣ್ರೀ!" ಅಂತ ಪ್ರತಿ ವರ್ಷ ಭಾಷಣ ಬಿಗಿಯುತ್ತೇನೆ. ಭಾಷಣಕ್ಕೇನು, ಕಾಸು ಖರ್ಚೇ?

ನಮ್ಮಲ್ಲಿ ವರ್ಷಕ್ಕೊಂದು ಪ್ರಾಣಿಯ ಹೆಸರು, ಹನ್ನೆರಡು ವರ್ಷಕ್ಕೊಂದು ಸುತ್ತು; ಈ ಸಲ ಕುದುರೆ ವರ್ಷ. ನಾನೂ ಕುದುರೆ ವರ್ಷದಲ್ಲೇ ಹುಟ್ಟಿದವನು, ಅರವತ್ತಾಯಿತು. ಹುಟ್ಟಿದ ಪ್ರಾಣಿಯ ವರ್ಷ ತಿರುಗಿ ಬಂದಾಗ ಗಂಡಾಂತರ ಜಾಸ್ತಿ ಅಂತ ಅಕ್ಕ ರಕ್ಷೆಗೆ ಕೆಂಪು ಸೊಂಟಪಟ್ಟಿ ಕಳಿಸಿದ್ದಳು. ನಕ್ಕುಬಿಟ್ಟೆ. ನಕ್ಕವನು ಒಳಗೆ ಹೋಗಿ ಕಟ್ಟಿಕೊಂಡೆ, ಜೊತೆಗೆ ಕೆಂಪು ಕಾಲುಚೀಲ ಬೇರೆ.

ಹಬ್ಬದ ಎಂಟನೇ ದಿನ ಅಕ್ಕನ ಮಗ ಹೈಫೆಂಗ್ ಬಂದ. ಹಡಗಿನ ಕೆಲಸ ಅವನದು, ಹಬ್ಬದ ದಿನವೇ ಊರು ಮುಟ್ಟಿದ್ದ. ಕೂದಲು ಭುಜಕ್ಕಿಳಿದಿತ್ತು.

"ಮಾಮ, ನಾಳೆ ಹುಡುಗಿ ಮನೆಗೆ ಹೋಗ್ಬೇಕು. ಅವರಪ್ಪ ಮಿಲಿಟ್ರೀಲಿದ್ದೋರು. ಈ ಜಟೆ ನೋಡಿದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ."

ಅವನಿಗಿರುವ ಒಬ್ಬನೇ ಸೋದರಮಾವ ನಾನು.

"ಮಿಷನ್ ಕೆಟ್ಟಿದೆ ಕಣೋ."

"ಕತ್ತರಿ ಇದೆಯಲ್ಲ?"

"ಕೈ ನೋವು."

"ಮಾಮ, ನಿಂಗೆ ಭಯಾನಾ?"

"ಭಯ? ನಂಗಾ? ಥೂ!" ಅಂದೆ. ಸೊಂಟಪಟ್ಟಿಯ ತುದಿ ಅಂಗಿಯ ಕೆಳಗೆ ನೇತಾಡುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಬಿಡು ಮಾಮ. ಸ್ಟೇಷನ್ ಹತ್ರ ಮಾಡಿಸ್ಕೋಬಹುದಿತ್ತು, ನಿನ್ನ ಕೇಳದೆ ಮನಸ್ಸು ಬರಲಿಲ್ಲ. ಹೀಗೇ ಹೋಗ್ತೀನಿ. ಅವರು ಬೇಡ ಅಂದ್ರೆ ಬೇಡ," ಅಂತ ಎದ್ದ.

ಮೂರು ವರ್ಷ ಆ ಹುಡುಗಿಗಾಗಿ ಕಾದವನು ಹೀಗಂದದ್ದು ಕೇಳಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. "ಕೂತ್ಕೊಳೋ ಮುಠ್ಠಾಳ! ಸತ್ರೆ ಸಾಯ್ತೀನಿ!" ಅಂತ ಕತ್ತರಿ ಹಿಡಿದೆ. ಒಂದೊಂದು ಕುಚ್ಚು ಬಿದ್ದಾಗಲೂ ಕದ್ದುಮುಚ್ಚಿ ನಾಡಿ ಮುಟ್ಟಿ ನೋಡಿಕೊಂಡೆ. ಬಡಿಯುತ್ತಿತ್ತು, ಸ್ವಲ್ಪ ಜೋರಾಗಿಯೇ.

ಮರುದಿನ ಮಧ್ಯಾಹ್ನ ಫೋನು ಬಂತು.

"ಮಾಮ, ತಲೆ ನೋಡಿದ್ದೇ ಅವರಪ್ಪ ಕೆಂಡವಾದ್ರು! 'ಮೊದಲ ತಿಂಗಳಲ್ಲಿ ಕಟಿಂಗ್ ಮಾಡಿಸ್ಕೊಂಡು ಬಂದಿದ್ದೀಯಾ? ಸೋದರಮಾವನ ಜೀವಕ್ಕೇ ಬೆಲೆ ಕೊಡದವನು ನನ್ನ ಮಗಳನ್ನ ಏನು ನೋಡ್ಕೋತೀಯ?' ಅಂದ್ರು."

ಸಾಯದೇನೇ ಹುಡುಗನ ಬಾಳು ಕೆಡಿಸಿದೆನಲ್ಲ!

"ಕತ್ತರಿಸಿದ್ದು ಮಾಮನೇ ಅಂದೆ. 'ಜೀವ ಹೋದ್ರೂ ಸರಿ ಅಂತ ಮಾಮನೇ ಕತ್ತರಿಸಿದ್ರಾ?' ಅಂತ ಎರಡು ಸಲ ಕೇಳಿದ್ರು ಅವರು. ಆಮೇಲೆ ಮದುವೆಗೆ ಒಪ್ಪಿಗೆ ಅಂದ್ರು. ಆದ್ರೆ ನಿನ್ನನ್ನ ಈ ವಾರವೇ ಕರ್ಕೊಂಡು ಬರಬೇಕಂತೆ ಮಾಮ. ನೀನು ಬದುಕಿರೋವಾಗ್ಲೇ ಅವರು ನಿಂಗೆ ಒಂದ್ಸಲ ಕೈ ಮುಗೀಬೇಕಂತೆ."