ಜಗದೇವಿಯವರ ಎರಡನೇ ಚುಕ್ಕೆ

ಮೂರು ವರ್ಷದ ಹಿಂದಿನ ಮಾತು. ಕಲಬುರಗಿಯ ಒಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಂಆರ್‌ಐ ಟೆಕ್ನಿಷಿಯನ್ ಆಗಿ ನನಗದು ಹದಿನಾಲ್ಕನೇ ವರ್ಷ. ಜೇವರ್ಗಿ ಕಾಲೋನಿಯ ಮನೆಯಲ್ಲಿ ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು ಎಂಟೂವರೆಗೆ ಬಂದರೆ ಮೊದಲ ಕೆಲಸ ಹೊದಿಕೆ ಮಡಚಿಡುವುದು. ಯಂತ್ರದ ಕೋಣೆ ಅಷ್ಟು ತಣ್ಣಗಿರುತ್ತದೆ.

ಒಂದು ಮಂಗಳವಾರ ಕಮಲಾಪುರದಿಂದ ಜಗದೇವಿ ಬಂದರು. ನಲವತ್ತಾರು ವಯಸ್ಸು, ಅಂಗನವಾಡಿ ಸಹಾಯಕಿ. ಜೊತೆಗೆ ಗಂಡನ ತಂಗಿ ಕಸ್ತೂರಿ. ಎಡ ಸ್ತನದ ಗಂಟು ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಆಗಲೇ ತಿಳಿದಿತ್ತು. ಒಂದೇ ಗಂಟಾದರೆ ಅಷ್ಟನ್ನೇ ತೆಗೆಯಬಹುದು, ದೂರದಲ್ಲಿ ಇನ್ನೊಂದಿದ್ದರೆ ಇಡೀ ಸ್ತನ ತೆಗೆಯಬೇಕಾದೀತು ಎಂದು ಸರ್ಜನ್ ಹೇಳಿದ್ದರು. ಅದನ್ನು ನೋಡಲೆಂದೇ ಈ ಸ್ಕ್ಯಾನ್.

ಇದಕ್ಕೆ ಬೋರಲು ಮಲಗಬೇಕು. ಮೊದಲು ಒಂದು ಸುತ್ತು ಚಿತ್ರ, ಆಮೇಲೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ಐದು ಸುತ್ತು. ನಂತರದ ಚಿತ್ರದಿಂದ ಮೊದಲಿನದನ್ನು ಕಂಪ್ಯೂಟರ್ ಕಳೆದಾಗ, ಔಷಧ ಹೀರಿಕೊಂಡ ಗಂಟು ಬೆಳ್ಳಗೆ ಉಳಿಯುತ್ತದೆ. ನಡುವೆ ಮೈ ಕೆಲವೇ ಮಿಲಿಮೀಟರ್ ಸರಿದರೂ ಚಿತ್ರಗಳು ಹೊಂದುವುದಿಲ್ಲ. ಇಲ್ಲದ್ದು ಇದ್ದಂತೆ ಹೊಳೆಯುತ್ತದೆ.

ಜಗದೇವಿಗೆ ಭಯವಿತ್ತು. ಕಸ್ತೂರಿಯ ಮೈಮೇಲೆ ಲೋಹವಿಲ್ಲವೆಂದು ನೋಡಿ ಅವಳನ್ನೂ ಒಳಗೆ ಕೂರಿಸಿದೆ. ಒಂದೊಂದು ಸುತ್ತು ಮುಗಿದು ಯಂತ್ರದ ಸದ್ದು ನಿಂತಾಗ ಮೈಕಿನಲ್ಲಿ ಧೈರ್ಯ ಹೇಳಿದೆ: "ಛಲೋ ಮಲಗೀರಿ ನೋಡ್ರಿ. ಇನ್ನ ಮೂರೇ ಉಳದಾವ." ಒಳಗಿನಿಂದ ಪ್ರತಿಸಲವೂ "ಹೂನ್ರಿ" ಎಂದು ಬರುತ್ತಿತ್ತು. ಎಷ್ಟು ಮೆತ್ತಗಿನ ಹೆಂಗಸು ಎಂದುಕೊಂಡೆ.

ಚಿತ್ರ ನೋಡಿದ ರೇಡಿಯಾಲಜಿಸ್ಟ್ ಡಾ. ಸಮೀನಾ ಕನ್ನಡಕ ತೆಗೆದರು. ಗಂಟಿನಿಂದ ನಾಲ್ಕು ಬೆರಳು ದೂರ ಇನ್ನೊಂದು ಮಬ್ಬು ಚುಕ್ಕೆ. "ಇದು ಗಂಟೋ, ಅಲುಗಾಡಿದ್ದೋ? ಇದರ ಮ್ಯಾಲ ನಾ ಹ್ಯಾಂಗ ರಿಪೋರ್ಟ್ ಬರೀಲಿ? ಮತ್ತೊಮ್ಮೆ ಮಾಡ್ರಿ." ಅದೇ ದಿನ ಮತ್ತೆ ಕಾಂಟ್ರಾಸ್ಟ್ ಕೊಡುವಂತಿರಲಿಲ್ಲ. ಗುರುವಾರಕ್ಕೆ ಹಾಕಿದೆವು.

ಹೊರಗೆ ಬಂದು ಹೇಳಿದೆ: "ಇನ್ನೊಂದು ಚುಕ್ಕಿ ಕಂಡಂಗ ಆಗ್ಯದ್ರಿ. ನೀವು ಅಲುಗಾಡಿದ್ದಕ್ಕೂ ಹಂಗ ಕಾಣ್ತದ."

ಜಗದೇವಿಯ ಕಣ್ಣು ತುಂಬಿ ಬಂತು. "ಉಸಿರು ಸೈತ ಹಗೂರ ಬಿಟ್ಟೀನ್ರಿ ಮೇಡಂ."

"ವೈನಿ, ಸುಳ್ಳ ಹೇಳಬ್ಯಾಡ," ಎಂದಳು ಕಸ್ತೂರಿ. "ಮೇಡಂ ಮಾತಾಡಿದಾಗೊಮ್ಮೆ ಗೋಣ ಎತ್ತಿ ಎತ್ತಿ ಹೂಂ ಅನ್ಲಾಕತ್ತಿದ್ದಿ."

"ಮತ್ತ? ಅಷ್ಟು ಕಕ್ಕುಲಾತಿಲೆ ಮಾತಾಡಸ್ತಾರ, ಕಲ್ಲಿನಂಗ ಬಿದ್ದಿರ್ಲೇನು? ಮಾತಾಡಿಸಿದಾಗ ಓ ಅನ್ನದಿದ್ರ ನಿಮ್ಮವ್ವ ಸುಮ್ಮ ಬಿಡ್ತಿದ್ಲೇನು?"

"ನಮ್ಮವ್ವ ಇದ್ದಿದ್ರ ಮಷೀನಿನ ಕಡಿಂದನೂ ಓ ಅನ್ನಸ್ತಿದ್ಲು!"

ಅಳುವಿನ ನಡುವೆಯೇ ಜಗದೇವಿ ನಕ್ಕುಬಿಟ್ಟರು. ನಡುನಡುವೆ ಮಾತಾಡಿಸಿ ಅವರನ್ನು ಅಲುಗಾಡಿಸಿದ್ದು ನಾನೇ. ತಪ್ಪು ನನ್ನದೆಂದು ಅವರಿಗೂ ಹೇಳಿದೆ, ಡಾಕ್ಟರಿಗೂ ಹೇಳಿದೆ.

ಗುರುವಾರ, ಮಲಗಿಸುವ ಮೊದಲು ಎದುರಿಗೆ ಕೂತು ಆರೂ ಸುತ್ತಿನ ಬಗ್ಗೆ ವಿವರಿಸಿದೆ: ಯಾವುದು ಎಷ್ಟು ಹೊತ್ತು, ಯಾವಾಗ ಸದ್ದು ಜಾಸ್ತಿ, ಯಾವಾಗ ಔಷಧ ಹೋಗಿ ಕೈ ತಣ್ಣಗಾಗುತ್ತದೆ. ತುರ್ತು ಕರೆಯ ರಬ್ಬರ್ ಚೆಂಡನ್ನು ಕೈಗೆ ಕೊಟ್ಟೆ. "ತ್ರಾಸಾದ್ರ ಇದನ್ನ ಹಿಚುಕ್ರಿ. ಹೂಂ ಅನ್ನೋದೆಲ್ಲ ಈಗೇ ಅಂದುಬಿಡ್ರಿ. ಒಳಗ ಹೋದಮ್ಯಾಲ ನಾ ಮಾತಾಡಂಗಿಲ್ಲ."

"ಸಿಟ್ಟಿಲೆ ಸುಮ್ನಿರ್ತೀರೇನ್ರಿ?"

"ಸಿಟ್ಟ್ಯಾಕ್ರಿ? ನಿಮ್ಮ ಸಲುವಾಗೇ ಸುಮ್ನಿರ್ತೀನಿ."

ಆ ಹೊತ್ತು ಹೇಗೆ ಕಳೆದೆನೋ. ಮೈಕಿನ ಗುಂಡಿಗೆ ಕೈ ಹೋಗದಿರಲೆಂದು ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ಚಿತ್ರ ಬಂದಾಗ ಚರ್ಮದ ಅಂಚೂ ಗೆರೆ ಎಳೆದಂತಿತ್ತು. ಡಾ. ಸಮೀನಾ ಪ್ರತಿ ಪದರವನ್ನೂ ಎರಡೆರಡು ಸಲ ನೋಡಿ, "ಒಂದೇ ಅದ," ಎಂದರು. ಇನ್ನೊಂದು ಚುಕ್ಕೆ ಎಲ್ಲೂ ಇರಲಿಲ್ಲ. ಸರ್ಜನ್ ಗಂಟಷ್ಟನ್ನೇ ತೆಗೆದರು. ಮುಂದೆ ರೇಡಿಯೇಷನ್ ನಡೆಯಿತು, ಸ್ತನ ಉಳಿಯಿತು.

ರೋಗಿಗೆ ಧೈರ್ಯ ಬೇಕು, ಚಿತ್ರಕ್ಕೆ ನಿಶ್ಚಲತೆ ಬೇಕು. ಎರಡನ್ನೂ ಒಂದೇ ಹೊತ್ತಿಗೆ ಕೊಡಹೋಗಿ, ಇಲ್ಲದ ಗಂಟಿನ ಭಯವನ್ನು ಆ ಹೆಂಗಸಿನ ಮೇಲೆ ಎರಡು ದಿನ ಹೊರಿಸಿದ್ದೆ. ಈಗ ಧೈರ್ಯದ ಮಾತನ್ನೆಲ್ಲ ಮೊದಲೇ ಮುಗಿಸುತ್ತೇನೆ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಹೊರಗೆ ಕಾದವರು ಗೊಣಗುತ್ತಾರೆ, ಗೊಣಗಲಿ.