ಛತ್ರಿಯೋ ಕೇಬಲ್ಲೋ? ಮೌನೇಶ್ವರಿಯನ್ನು ಕೇಳಿ

ಇನ್ನೂ ಬೆಳಕು ಹರಿದಿಲ್ಲ. ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯಲ್ಲಿ ಒಂದು ಮಣ್ಣಿನ ಮಾಳಿಗೆಯ ಮೇಲೆ ಟಾರ್ಚಿನ ಬೆಳಕು ಓಡಾಡುತ್ತಿದೆ. ಹೊಳೆಯ ಕಡೆಯಿಂದ ಚಳಿಗಾಳಿ ಬೀಸುತ್ತಿದೆ. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟ ಮೌನೇಶ್ವರಿ ಮೊಣಕಾಲೂರಿ ಕೂತು ಡಿಶ್‌ನ ಕಬ್ಬಿಣದ ಕಾಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡುತ್ತಾರೆ. ಕಾಲುಗಳ ಮೇಲೆ ಪರ್ಸಿ ಕಲ್ಲುಗಳನ್ನು, ನೆಲಕ್ಕೆ ಹಾಸುವ ಚಪ್ಪಡಿಗಳನ್ನು, ಹೇರಲಾಗಿದೆ. ಒಂದು ಕಲ್ಲು ರಾತ್ರಿಯ ಗಾಳಿಗೆ ತುಸು ಜರುಗಿದೆ. ಅದನ್ನು ಎರಡೂ ಕೈಯಲ್ಲಿ ಎತ್ತಿ ಜಾಗಕ್ಕೆ ಕೂರಿಸುತ್ತಾರೆ.

ಕೆಳಗೆ ಏಣಿ ಹಿಡಿದು ನಿಂತ ಮನೆಯೊಡತಿ ಸೂಗಮ್ಮ ಕೂಗುತ್ತಾರೆ: "ಹುಷಾರಬೇ ಮೌನಾ, ನೀ ಬಿದ್ದರ ನನ್ನ ಪದ ಯಾರು ಹಿಡೀಬೇಕು?"

"ನಾ ಬಿದ್ದರೂ ನಿನಗ ನಿನ್ನ ಪದದ್ದ ಚಿಂತಿ ನೋಡಬೇ ಯವ್ವಾ!"

ಸೂಗಮ್ಮನ ಚಿಂತೆಗೆ ಕಾರಣವಿದೆ. ಹೋದ ಸುಗ್ಗಿಯಲ್ಲಿ ಒಂದು ಟಿವಿ ವಾಹಿನಿಯವರು ಬಂದು, ಮೆಣಸಿನಕಾಯಿ ಬಿಡಿಸಲು ಹೋಗುವ ಈ ಊರಿನ ಹೆಂಗಸರ ಗುಂಪು ಹೊಲದಲ್ಲಿ ಹಾಡುವುದನ್ನು ಚಿತ್ರೀಕರಿಸಿಕೊಂಡು ಹೋಗಿದ್ದಾರೆ. ಮುಂದೆ ನಿಂತು ಹಾಡಿದವರು ಸೂಗಮ್ಮ, ಹಿಂದೆ ದನಿಗೂಡಿಸಿದವರು ಉಳಿದ ಹೆಂಗಸರು. ಆ ಕಾರ್ಯಕ್ರಮ ಇವತ್ತು ಬೆಳಗಿನ ಐದೂವರೆಗೆ ಬರುತ್ತದೆ. ಒಂದೇ ಸಲ. ಮರುಪ್ರಸಾರವಿಲ್ಲ, ಅಂತರ್ಜಾಲಕ್ಕೂ ಹಾಕುವುದಿಲ್ಲ ಎಂದು ವಾಹಿನಿಯವರು ಫೋನಿನಲ್ಲಿ ಹೇಳಿದ್ದಾರೆ. ಅದೇ ಹೊತ್ತಿಗೆ ಹೊಲಕ್ಕೆ ಒಯ್ಯುವ ಟಂಟಂ ಆಟೋ ಬಂದು ನಿಲ್ಲುತ್ತದೆ. ಕೊಯ್ಲಿನ ದಿನಗಳಲ್ಲಿ ಅದನ್ನು ತಪ್ಪಿಸುವ ಹಾಗಿಲ್ಲ. ಹಾಗಾಗಿ ಕಾರ್ಯಕ್ರಮ ರೆಕಾರ್ಡ್ ಆಗಬೇಕು, ಸಂಜೆ ಎಲ್ಲರೂ ಕೂಡಿ ನೋಡಬೇಕು.

ಟಿವಿಯ ಸೆಟ್‌ಟಾಪ್ ಡಬ್ಬಿಯಲ್ಲಿ ರೆಕಾರ್ಡಿಂಗಿಗೆ ಹೊತ್ತು ಗೊತ್ತುಮಾಡಿ ಇಟ್ಟದ್ದು ನಿನ್ನೆ ಸಂಜೆಯೇ. ಆದರೂ ಮೌನೇಶ್ವರಿ ದೇವದುರ್ಗದಿಂದ ಕತ್ತಲಲ್ಲೇ ಸ್ಕೂಟಿ ಹತ್ತಿ ಬಂದಿದ್ದಾರೆ. "ಡಬ್ಬಿ ನಂಬಬಹುದ್ರಿ. ಕರೆಂಟ್ ನಂಬಬಾರದು" ಎನ್ನುತ್ತಾರೆ.

ದೇವದುರ್ಗ, ಮಾನ್ವಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮೌನೇಶ್ವರಿಯವರನ್ನು 'ಛತ್ರಿ ಅಕ್ಕ' ಎಂದರೆ ಬೇಗ ಗುರುತು ಸಿಗುತ್ತದೆ. ಡಿಶ್‌ಗೆ ಇಲ್ಲಿಯ ಜನ ಇಟ್ಟ ಹೆಸರು ಛತ್ರಿ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಅವರ ತಂದೆ ಕಲ್ಲಿದ್ದಲು ಇಳಿಸುವ ಗುತ್ತಿಗೆ ಕೂಲಿ. ಮಗಳನ್ನು ರಾಯಚೂರಿನ ಐಟಿಐಗೆ ಕಳಿಸಿದಾಗ ಓಣಿಯವರು ಹುಬ್ಬೇರಿಸಿದ್ದರಂತೆ. "ನಮ್ಮಪ್ಪ ಒಂದ ಮಾತು ಅಂದಿದ್ದ. ನಾ ಕರೆಂಟ್ ಮಾಡೋ ಕಡೆ ದುಡೀತೀನಿ, ನೀ ಅದನ್ನ ಹಿಡಿಯೋದು ಕಲಿ ಅಂತ" ಎಂದು ನಗುತ್ತಾರೆ. ಓದು ಮುಗಿದ ಮೇಲೆ ಮಾನ್ವಿಯಲ್ಲಿ ಕೇಬಲ್ ಕಂಟ್ರೋಲ್ ರೂಮಿನಲ್ಲಿ ಕೆಲಸ ಸಿಕ್ಕಿತು. ಕಂಬ ಹತ್ತಿ ತಂತಿ ಜೋಡಿಸುವ ಗಂಡಸರು ಮೊದಮೊದಲು ಇವರನ್ನು ಬಿಲ್ಲು ಬರೆಯಲು ಕೂರಿಸಿದರು. ಒಂದು ಮಳೆಗಾಲದಲ್ಲಿ ತಂತಿ ಕಡಿದು ಅರ್ಧ ಊರು ಕೂಗಾಡುತ್ತಿದ್ದಾಗ ಯಾರೂ ಸಿಗದೆ ಇವರೇ ಏಣಿ ಹೊತ್ತು ಹೋದರು. ಅಂದಿನಿಂದ ಬಿಲ್ಲಿನ ಕುರ್ಚಿಗೆ ಮರಳಲಿಲ್ಲ.

ಈಗ ಅವರು ಯಾವ ಒಂದು ಕಂಪನಿಯ ಆಳೂ ಅಲ್ಲ. ಕೇಬಲ್ ಬೇಕೆಂದವರಿಗೆ ಕೇಬಲ್, ಡಿಶ್ ಬೇಕೆಂದವರಿಗೆ ಡಿಶ್. ಯಾವುದು ಒಳ್ಳೆಯದು ಎಂದು ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ಮೊದಲು ಮಾಳಿಗೆ ಹತ್ತುತ್ತಾರೆ, ಆಗ್ನೇಯ ದಿಕ್ಕಿಗೆ ಮುಖ ಮಾಡಿ ನಿಂತು ತಲೆ ಎತ್ತಿ ಆಕಾಶ ನೋಡುತ್ತಾರೆ. ನಮ್ಮ ಸೀಮೆಯಿಂದ ನೋಡಿದರೆ ಟಿವಿಯ ಉಪಗ್ರಹಗಳು ಹೆಚ್ಚಾಗಿ ಆ ಕಡೆಯೇ, ಸಾಕಷ್ಟು ಮೇಲೆ ಇವೆ. ಅಲ್ಲಿ ಮರವಾಗಲಿ ಗೋಡೆಯಾಗಲಿ ಅಡ್ಡ ಬಂದರೆ ಡಿಶ್‌ನ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಕೆಳಗಿಳಿದು ಒಂದು ಪ್ರಶ್ನೆ ಕೇಳುತ್ತಾರೆ: "ಮನ್ಯಾಗ ಯಾರು ನೋಡ್ತಾರ್ರಿ?"

ಈ ಪ್ರಶ್ನೆಗೆ ಮಾನ್ವಿಯ ಅಕ್ಕಿ ಮಿಲ್ಲಿನ ಮಾಲೀಕ ವಿರೂಪಣ್ಣನವರ ಮನೆಯಲ್ಲಿ ಸಿಕ್ಕ ಉತ್ತರವನ್ನು ಅವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ವಿರೂಪಣ್ಣನವರಿಗೆ ಬೇಕಾಗಿದ್ದದ್ದು ಎಲ್ಲಕ್ಕಿಂತ ದೊಡ್ಡ ರೆಕಾರ್ಡಿಂಗ್ ಡಬ್ಬಿ.

"ನಾನೇ ನೋಡ್ತೀನಿ, ಮತ್ಯಾರು?" ಎಂದರು ಅವರು.

ಒಳಗಿನಿಂದ ಹೆಂಡತಿ ಸುನಂದಾ, "ಆತನ್ನ ಏನು ಕೇಳ್ತಿಯವ್ವಾ, ರಿಮೋಟ್ ಯಾವ ಕಡಿಗೆ ಹಿಡೀಬೇಕು ಅನ್ನೋದು ಗೊತ್ತಿಲ್ಲ. ನ್ಯೂಸ್ ಹಚ್ಚಿಕೊಂಡು ಗೊರಕಿ ಹೊಡಿತಾನ. ರೆಕಾರ್ಡ್ ಮಾಡಿದರ ಗೊರಕೀನ ಮಾಡಬೇಕು!" ಎಂದರು.

ಸುನಂದಾ ಅವರಿಗೆ ಬೇಕಾಗಿದ್ದದ್ದು ಊರಿನ ಸುದ್ದಿ, ಊರಿನ ಮದುವೆ ಮುಂಜಿವೆಯ ಜಾಹೀರಾತು ಬರುವ ಲೋಕಲ್ ಚಾನೆಲ್ಲು. ಅದು ಕೇಬಲ್‌ನಲ್ಲಿ ಮಾತ್ರ ಬರುತ್ತದೆ. ಮೇಲಾಗಿ ಮನೆಗೆ ಅಂಟಿಕೊಂಡೇ ಆಗ್ನೇಯಕ್ಕೆ ಮಿಲ್ಲಿನ ಗೋಡೆ ಎದ್ದು ನಿಂತಿದೆ. ಡಿಶ್ ಇಡುವುದಾದರೆ ಮಿಲ್ಲಿನ ತಗಡಿನ ಮೇಲೆಯೇ ಇಡಬೇಕು, ಮಿಲ್ಲು ಶುರುವಾದರೆ ತಗಡು ನಡುಗುತ್ತದೆ. "ನಿಮ್ಮ ಮಿಲ್ಲ ಅಡ್ಡ ಬಂದದ್ರಿ ಯಪ್ಪಾ, ನನ್ನ ಕಡಿಂದ ಏನೂ ಆಗಂಗಿಲ್ಲ" ಎಂದು ಕೇಬಲ್ ಹಾಕಿಸಿ ಬಂದರು. ದೊಡ್ಡ ಡಬ್ಬಿ ಮಾರಿದ್ದರೆ ಕಮಿಷನ್ ಬರುತ್ತಿತ್ತಲ್ಲ ಎಂದರೆ, "ಬರತಿತ್ತು. ಆಮ್ಯಾಲ ದಿನಾ ಫೋನೂ ಬರತಿತ್ತು" ಎನ್ನುತ್ತಾರೆ.

ಹಳ್ಳಿಯ ಲೆಕ್ಕ ಬೇರೆ. ಕೇಬಲ್ಲು ದೇವದುರ್ಗ ದಾಟಿ ಒಳಗೆ ಹೆಚ್ಚು ಬಂದಿಲ್ಲ. ಅಲ್ಲಿ ಛತ್ರಿಯೇ ಗತಿ. ಆದರೆ ಮಣ್ಣಿನ ಮಾಳಿಗೆಗೆ ಬೋಲ್ಟು ಹೊಡೆದರೆ ಮಳೆಗಾಲದಲ್ಲಿ ಆ ತೂತಿನಿಂದಲೇ ಸೋರುತ್ತದೆ. ಅದಕ್ಕೆ ಮೌನೇಶ್ವರಿ ಬೋಲ್ಟು ಹೊಡೆಯುವುದಿಲ್ಲ. ಅಗಲ ಕಾಲಿನ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಕೆಳಗೆ ಗೋಣಿಚೀಲ ಹಾಸಿ, ಮೇಲೆ ಪರ್ಸಿ ಕಲ್ಲು ಹೇರುತ್ತಾರೆ. ಕೆಲಸ ತಡವಾಗುತ್ತದೆ, ಕಲ್ಲು ಹೊತ್ತು ಏಣಿ ಹತ್ತಿ ಸೊಂಟ ಹಿಡಿಯುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಸ್ಪ್ಯಾನರ್ ಮುಟ್ಟಿದರೆ ಕೈ ಚುರ್ರೆನ್ನುತ್ತದೆ, ಆದ್ದರಿಂದ ನಸುಕಿನಲ್ಲೇ ಕೆಲಸ ಮುಗಿಸುವುದು ರೂಢಿ. ರಾಯಚೂರು ನಗರದಲ್ಲಿ ಮಂಗಗಳ ಕಾಟ. ಅವು ಡಿಶ್‌ನ ತೋಳು ಹಿಡಿದು ಜೋತಾಡಿ ಹೋದ ಮೇಲೆ ಮತ್ತೆ ಮೊದಲಿನಿಂದ ತಿರುಗಿಸಿ ಹೊಂದಿಸಬೇಕು. ಕೆಲವು ಮನೆಗಳಲ್ಲಿ ಯಾವ ಕುಲದವರೆಂದು ವಿಚಾರಿಸಿಕೊಂಡು, ಒಳಗಿನ ಮೆಟ್ಟಿಲಿದ್ದರೂ ಹೊರಗಿನ ಏಣಿಯನ್ನೇ ತೋರಿಸುತ್ತಾರೆ. ಯಾಕೆಂದು ಮೌನೇಶ್ವರಿಗೆ ಗೊತ್ತು. ಆ ಮಾತನ್ನು ಅವರು ಬೆಳೆಸುವುದಿಲ್ಲ.

ಅವರ ಕೆಲಸದಲ್ಲಿ ಇನ್ನೊಂದು ವಿಶೇಷವಿದೆ. ರೆಕಾರ್ಡಿಂಗ್ ಡಬ್ಬಿ ಇರುವ ಮನೆಗಳಲ್ಲಿ ಗೋಡೆಯ ಸ್ವಿಚ್ಚಿನ ಮೇಲೆ ಒಂದು ಕೆಂಪು ಟಿಕಳಿ ಅಂಟಿಸಿ ಬರುತ್ತಾರೆ, ಹಣೆಗೆ ಹಚ್ಚುವ ಅದೇ ಟಿಕಳಿ. ವೋಲ್ಟೇಜು ಏರಿಳಿಯುವ ಈ ಸೀಮೆಯಲ್ಲಿ ಮನೆಯಿಂದ ಹೊರಡುವಾಗ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ಎಲ್ಲರಿಗೂ ಕೈಗೆ ಹತ್ತಿದ ಅಭ್ಯಾಸ. ಸ್ವಿಚ್ಚು ಆರಿದರೆ ಡಬ್ಬಿ ಏನನ್ನೂ ಹಿಡಿಯಲಾರದು. ಸಂಜೆ ಬಂದು ನೋಡಿದರೆ ಏನೂ ಇಲ್ಲ, ಡಬ್ಬಿ ಕೆಟ್ಟಿದೆ ಎಂದು ಬೈಗುಳ. "ಎಷ್ಟು ಹೇಳಿದರೂ ಕೈ ಕೇಳಂಗಿಲ್ರಿ. ಟಿಕಳಿ ಕಂಡರ ಮಾತ್ರ ಕೈ ಹಿಂದ ಸರಿತದ" ಎನ್ನುತ್ತಾರೆ.

ಸೂಗಮ್ಮನ ಮನೆಯ ಸ್ವಿಚ್ಚಿನ ಮೇಲೂ ಈಗ ಟಿಕಳಿ ಇದೆ. ಅವರ ಮನೆಯಲ್ಲಿದ್ದದ್ದು ತಿಂಗಳ ಶುಲ್ಕವಿಲ್ಲದ ಛತ್ರಿ, ಅದರಲ್ಲಿ ಈ ವಾಹಿನಿ ಬರುವುದಿಲ್ಲ. ದೇವದುರ್ಗದ ಕೇಬಲ್‌ನಲ್ಲಿ ವಾಹಿನಿ ಬರುತ್ತದೆ, ಆದರೆ ಆ ಡಬ್ಬಿಗೆ ರೆಕಾರ್ಡಿಂಗ್ ಇಲ್ಲ. ಒಂದು ಬೆಳಗಿನ ಹಾಡಿಗಾಗಿ ಹೊಸ ಡಬ್ಬಿ ಕೊಳ್ಳಿರೆಂದು ಹೇಳಲು ಮೌನೇಶ್ವರಿಗೆ ಮನಸ್ಸಾಗಲಿಲ್ಲ. ತಮ್ಮ ಮನೆಯ ರೆಕಾರ್ಡಿಂಗ್ ಡಬ್ಬಿಯನ್ನೇ ಕಳಚಿ ತಂದು, ಸೂಗಮ್ಮನ ಛತ್ರಿಯನ್ನು ಬೇರೆ ಉಪಗ್ರಹದ ಕಡೆಗೆ ತಿರುಗಿಸಿ, ಇಲ್ಲಿ ಜೋಡಿಸಿದ್ದಾರೆ. ಅವರ ಗಂಡ ಕೃಷ್ಣ ಏನೆಂದರು? "ಏನಂತಾನ್ರಿ, ನಿನ್ನೆಲಿಂದ ಗೋಡಿ ನೋಡ್ಕೋತ ಕುಂತಾನ!"

ಐದೂವರೆಗೆ ಸ್ವಲ್ಪ ಮುಂಚೆ ಗುಂಪಿನ ಹೆಂಗಸರು ಬುತ್ತಿಗಂಟು ಹಿಡಿದು ಬಂದು ನಡುಮನೆಯಲ್ಲಿ ಸೇರುತ್ತಾರೆ. ಟಂಟಂ ಬರುವ ತನಕವಾದರೂ ಒಂದು ತುಣುಕು ಕಾಣಬಹುದೆಂಬ ಆಸೆ. ಟಿವಿಯಲ್ಲಿ ಯಾವುದೋ ಸೋಪಿನ ಜಾಹೀರಾತು ಬರುತ್ತಿದೆ. ಡಬ್ಬಿಯ ದೀಪ ಹಸಿರಾಗಿದೆ.

ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಬಲ್ಬು, ಟಿವಿ, ಡಬ್ಬಿ, ಎಲ್ಲವೂ ಒಮ್ಮೆಗೇ ಕಪ್ಪು.

"ಹೋತಲ್ಲೋ ಶಿವನೇ!" ಎಂದು ಸೂಗಮ್ಮ ಫೋನು ಹಚ್ಚುತ್ತಾರೆ. ಲೈನ್‌ಮನ್ ಫೋನು ಎತ್ತುವುದಿಲ್ಲ.

ಮೌನೇಶ್ವರಿ ಆಗಲೇ ಅಂಗಳದಲ್ಲಿದ್ದಾರೆ. ಸ್ಕೂಟಿಯ ಮುಚ್ಚಳ ಬಿಚ್ಚಿ ಬ್ಯಾಟರಿ ಹೊರಗೆಳೆಯುತ್ತಾರೆ. ಅದು ಹನ್ನೆರಡು ವೋಲ್ಟಿನದು. ಡಬ್ಬಿಯ ಅಡಾಪ್ಟರು ಕೊಡುವುದೂ ಹನ್ನೆರಡೇ. ಟಿವಿ ನಡೆಸುವಷ್ಟು ಶಕ್ತಿ ಅದಕ್ಕಿಲ್ಲ, ಆದರೆ ಡಬ್ಬಿಗೂ ಡಿಶ್‌ಗೂ ಸಾಕು. ಕೆಟ್ಟ ಅಡಾಪ್ಟರಿನಿಂದ ಕತ್ತರಿಸಿ ಇಟ್ಟುಕೊಂಡ ಪಿನ್ನು, ಎರಡು ಕ್ಲಿಪ್ಪು ಸದಾ ಚೀಲದಲ್ಲಿರುತ್ತವೆ. ಮೊಬೈಲ್ ಬೆಳಕು ಹಿಡಿದ ಗುಂಪಿನ ಮಹಬೂಬೀಗೆ, "ಅಲುಗಾಡಬ್ಯಾಡಬೇ, ಉಲ್ಟಾ ಹಚ್ಚಿದರ ಡಬ್ಬಿ ಸುಟ್ಟು ಹೋಗ್ತದ" ಎನ್ನುತ್ತಾರೆ. ಮೀಟರು ಹಚ್ಚಿ ಪ್ಲಸ್ ಯಾವುದು ಮೈನಸ್ ಯಾವುದು ಎಂದು ನೋಡುತ್ತಾರೆ. ತಮ್ಮ ಮನೆಯ ಡಬ್ಬಿ ಅದು. ಕ್ಲಿಪ್ಪು ಕಚ್ಚಿಸುತ್ತಾರೆ.

ದೀಪ ಮಿನುಗುತ್ತದೆ. ಡಬ್ಬಿ ಎಚ್ಚರಗೊಳ್ಳಲು ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಐದೂವರೆ ದಾಟಿ ಹೋಗುತ್ತದೆ, ಮೊದಲೇ ಗೊತ್ತುಮಾಡಿಟ್ಟ ರೆಕಾರ್ಡಿಂಗ್ ತಪ್ಪಿ ಹೋಗುತ್ತದೆ. ಇನ್ನು ಕೈಯಿಂದಲೇ ಹಚ್ಚಬೇಕು, ಅದೂ ಪರದೆ ಇಲ್ಲದೆ. ಯಾವ ಚಾನೆಲ್ ಬಂದಿದೆ ಎಂದು ಕಾಣುವುದಿಲ್ಲ, ಕೇಳುವುದೂ ಇಲ್ಲ. ಮೌನೇಶ್ವರಿ ಕಣ್ಣು ಮುಚ್ಚಿ ರಿಮೋಟಿನ ಮೇಲೆ ಬೆರಳಾಡಿಸುತ್ತಾರೆ. ಚಾನೆಲ್ಲಿನ ನಂಬರು ಒತ್ತುತ್ತಾರೆ. ಉಸಿರು ಹಿಡಿದು ತುಸು ಕಾಯುತ್ತಾರೆ. ರೆಕಾರ್ಡಿನ ಗುಂಡಿ ಒತ್ತುತ್ತಾರೆ.

ಹಸಿರು ದೀಪ ಕೆಂಪಾಗುತ್ತದೆ.

"ಬಂತೇನು?" ಸೂಗಮ್ಮ ಕೇಳುತ್ತಾರೆ.

"ಏನೋ ಒಂದು ಹಿಡ್ಯಾಕತ್ತದ ಯವ್ವಾ. ನಿನ್ನ ಪದಾನೋ, ಪಕ್ಕದ ಚಾನೆಲ್ಲಿನ ಜ್ಯೋತಿಷ್ಯಾನೋ, ಸಂಜಿಗೆ ಗೊತ್ತಾಗ್ತದ."

ಕತ್ತಲ ಮನೆಯಲ್ಲಿ ಹೆಂಗಸರೆಲ್ಲ ಆ ಕೆಂಪು ಚುಕ್ಕೆಯನ್ನೇ ನೋಡುತ್ತ ಕೂರುತ್ತಾರೆ. ಮಹಬೂಬೀ ಪಿಸುಗುಡುತ್ತಾರೆ: "ಟಿವಿ ಇಲ್ದ ಟಿವಿ ನೋಡಾಕ ಕುಂತೀವಲ್ಲಬೇ, ಹೊರಗಿನವರು ಕಂಡರ ಏನಂದಾರು?" ಯಾರೋ ಕಿಸಕ್ಕೆಂದು ನಗುತ್ತಾರೆ. ಹೊರಗೆ ಟಂಟಂ ಓಡಿಸುವ ತಾಯಣ್ಣ ಹಾರ್ನು ಬಾರಿಸುತ್ತಾನೆ: "ಏ ಸೂಗವ್ವಾ, ಬಿಸಿಲೇರಿದ ಮ್ಯಾಲ ಬರ್ತೀರೇನ್ರಿ?" ಗುಂಪು ಎದ್ದು ಹೊರಡುತ್ತದೆ. ಸೂಗಮ್ಮ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋಗುತ್ತಾರೆ. ಮೌನೇಶ್ವರಿ ಒಬ್ಬರೇ ಬ್ಯಾಟರಿಯ ಪಕ್ಕದಲ್ಲಿ ಉಳಿಯುತ್ತಾರೆ, ಕ್ಲಿಪ್ಪು ಜಾರದಂತೆ ಕೈ ಒತ್ತಿಕೊಂಡು.

ಸಂಜೆ ಕರೆಂಟು ಇದೆ. ಕೈಗೆ ಹತ್ತಿದ ಖಾರ ತೊಳೆದುಕೊಂಡು ಹೆಂಗಸರು ಮತ್ತೆ ಸೇರಿದ್ದಾರೆ. ದಿನದ ಕರೆಗಳನ್ನೆಲ್ಲ ಮುಗಿಸಿ ಮೌನೇಶ್ವರಿಯೂ ಬಂದಿದ್ದಾರೆ. ರೆಕಾರ್ಡಿಂಗ್ ತೆರೆಯುತ್ತದೆ. ಒಂದು ಕ್ಷಣ ಕಪ್ಪು ಪರದೆ, ಆಮೇಲೆ ಹೊಲ, ಕೆಂಪು ಮೆಣಸಿನಕಾಯಿಯ ರಾಶಿ, ಸೋಬಾನ ಪದದ ನಡುವಿನ ಸಾಲು. ಸೂಗಮ್ಮ ಒಬ್ಬರೇ ಹಾಡಿದ ಬೀಸುವ ಪದ ಶುರುವಿನಲ್ಲಿತ್ತು. ಅದು ಹೋಗಿದೆ. ಉಳಿದದ್ದು ಹಿಂದಿನವರೆಲ್ಲ ಕೂಡಿ ಹಾಡಿದ್ದು.

"ಮೊದಲನೇದು ಸಿಗಲಿಲ್ಲ ಯವ್ವಾ" ಎಂದು ಮೌನೇಶ್ವರಿ ತಲೆ ತಗ್ಗಿಸುತ್ತಾರೆ.

ಸೂಗಮ್ಮ ಟಿವಿಯ ಹತ್ತಿರಕ್ಕೆ ಸರಿದು ಕೂರುತ್ತಾರೆ. ಪರದೆಯ ಮೇಲೆ ಮಹಬೂಬೀ ಬಾಯಿ ತೆರೆದು ಹಾಡುತ್ತಿದ್ದಾರೆ, ಅವರ ಹಿಂದೆ ಇನ್ನೊಬ್ಬಾಕೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ. "ಅಯ್ಯ ಅಲ್ಲಾ, ನನ್ನ ಬಾಯಿ ಇಷ್ಟು ಅಗಲ ಅದೇನು?" ಎಂದು ಮಹಬೂಬೀ ಕೂಗುತ್ತಾರೆ. "ದಿನಾ ಹೊಲದಾಗ ನೋಡ್ತೀವಲ್ಲ, ಅದಕ್ಕ ಟಿವಿ ಬೇಕೇನು?" ಎಂದು ಹಿಂದಿನಿಂದ ಯಾರೋ ಕಿಚಾಯಿಸುತ್ತಾರೆ. ಹಾಡು ಮುಗಿದ ಮೇಲೆ ಸೂಗಮ್ಮ ಮೆಲ್ಲಗೆ ಹೇಳುತ್ತಾರೆ:

"ನಾ ಯಾವಾಗ್ಲೂ ಮುಂದ ನಿಂದ್ರತೀನಿ. ದನಿ ಬೆನ್ನಿಗಿ ಬಡೀತದ, ಮಕಾ ಕಾಣಂಗಿಲ್ಲ. ಇವರು ಹಿಂಗ ಹಾಡ್ತಾರ ಅಂತ ಇವತ್ತ ನೋಡಿದೆ. ಇನ್ನೊಮ್ಮಿ ಹಚ್ಚಬೇ."

ಇನ್ನೊಮ್ಮೆ ಹಚ್ಚುವ ಮುನ್ನ ಮೌನೇಶ್ವರಿ ಒಂದು ಮಾತು ಹೇಳಿಬಿಡುತ್ತಾರೆ. ಡಬ್ಬಿಯೊಳಗಿನದು ಡಬ್ಬಿಯಲ್ಲೇ ಇರುತ್ತದೆ, ಬೇರೆ ಕಡೆ ತೆರೆಯುವುದಿಲ್ಲ. ಡಬ್ಬಿ ನಾಳೆ ಅವರ ಮನೆಗೆ ವಾಪಸು ಹೋಗಬೇಕು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸೆರಗಿನಿಂದ, ಚೀಲದಿಂದ ಮೊಬೈಲುಗಳನ್ನು ತೆಗೆಯುತ್ತಾರೆ. ಎರಡನೆಯ ಸಲ ಹಾಡು ಬಂದಾಗ ಟಿವಿಯ ಮುಂದೆ ಕೈಗಳ ಬೇಲಿ. "ಕೈ ಕೆಳಗ ಮಾಡ್ರಬೇ, ನನಗ ಕಾಣವಲ್ದು" ಎಂದು ಸೂಗಮ್ಮ ಗದರುವುದೂ ಆ ಮೊಬೈಲುಗಳಲ್ಲಿ ಸೇರಿಕೊಂಡಿದೆ.

ಮನೆಗೊಂದು ಮೊಬೈಲು, ಅದರಲ್ಲೇ ಎಲ್ಲವೂ ಬರುವ ಕಾಲ ಇದು. ಡಿಶ್ ಹಾಕಿಸುವವರು ಕಡಿಮೆಯಾಗಿದ್ದಾರೆ, ಇದ್ದ ಡಿಶ್ ಬಿಚ್ಚಿಸುವವರು ಹೆಚ್ಚಾಗಿದ್ದಾರೆ. ಇನ್ನೆಷ್ಟು ದಿನ ಈ ಕೆಲಸವೆಂದು ಮೌನೇಶ್ವರಿಗೂ ತಿಳಿಯದು. ಆದರೆ ಅವತ್ತಿನ ಮಾತು ತೆಗೆದರೆ ಅವರ ಮನಸ್ಸು ಹೋಗುವುದು ಬೇರೆ ಕಡೆಗೆ.

"ಸೂಗವ್ವನ ಪದ ಹೋತಲ್ರಿ, ಅದೊಂದು ಇನ್ನೂ ಚುಚ್ಚತದ. ಮತ್ತೊಮ್ಮಿ ಟಿವಿಯವರು ಬರಬೇಕು, ಮತ್ತೊಮ್ಮಿ ಆಕಿ ಹಾಡಬೇಕು. ಆವಾಗ ನಾ ಬ್ಯಾಟರಿ ಮೊದಲ ಹಚ್ಚಿ ಇಡ್ತೀನಿ" ಎನ್ನುತ್ತಾರೆ. ಏಣಿಯನ್ನು ಹೆಗಲಿಗೇರಿಸಿಕೊಂಡು ಎರಡು ಹೆಜ್ಜೆ ನಡೆದವರು ನಿಂತು ಹೇಳುತ್ತಾರೆ: "ಆದರ ಕತ್ತಲದಾಗ ನಂಬರು ತಪ್ಪಲಿಲ್ಲ ನೋಡ್ರಿ."